ಹಲ್ಲಕ್ಕನ ಸುತ್ತದ ಬಾಣಗಳು

ಹಲ್ಲಕ್ಕನ ಎದುರು ನಾನು ಮೊದಲ ಸಲ ಬಾಯಿ ತೆರೆದದ್ದು ಮಾತಾಡುವುದಕ್ಕಲ್ಲ. ನಮ್ಮ ರಿಪೇರಿ ಅಂಗಡಿಯ ಯಜಮಾನರು, "ಹಲ್ಲಿನವರ ಮನೇಲಿ ಕಂಪ್ಯೂಟರ್ ಕೂರಿಸಬೇಕು, ಹೋಗಿ ಬಾ" ಎಂದು ಕಳಿಸಿದ್ದರು. ಹಲ್ಲಿನವರು ಎಂದರೆ ಹಲ್ಲಿನ ಡಾಕ್ಟರು ಎಂದೇ ನನ್ನ ತಿಳಿವಳಿಕೆ. ಆ ವಾರವೆಲ್ಲ ಕೆಳದವಡೆಯ ಮೂಲೆಯ ಹಲ್ಲೊಂದು ನನ್ನನ್ನು ಹಿಂಡಿ ಹಿಪ್ಪೆ ಮಾಡಿತ್ತು. ಹೋದ ಕಡೆ ಕೆಲಸವೂ ಆಯಿತು, ವೈದ್ಯವೂ ಆಯಿತು ಎಂದುಕೊಂಡು, ಒಳಗೆ ಕಾಲಿಟ್ಟವನೇ ದೀಪದ ಪಕ್ಕದ ಸ್ಟೂಲಿನ ಮೇಲೆ ಕೂತು, ಬ್ಯಾಗು ತೊಡೆಯ ಮೇಲಿಟ್ಟುಕೊಂಡು, ಬಾಯಿ ಆ ಎಂದು ತೆರೆದು, ಬೆರಳಿನಿಂದ ಮೂಲೆ ತೋರಿಸಿದೆ.

ಮೈತುಂಬ ಬಿಳಿ ಪುಡಿ ಮೆತ್ತಿಕೊಂಡಿದ್ದ, ಐವತ್ತರ ಆಸುಪಾಸಿನ ಹೆಂಗಸೊಬ್ಬಳು ದೀಪವನ್ನು ನನ್ನ ಮುಖಕ್ಕೆ ತಿರುಗಿಸಿದಳು. ಗಂಭೀರವಾಗಿ ನೋಡಿದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು. ಅರ್ಧ ನೋವು ಅಲ್ಲಿಯೇ ಇಳಿದ ಹಾಗಾಯಿತು.

"ಮುಚ್ಚು," ಎಂದಳು. "ನಾನು ಡಾಕ್ಟ್ರಲ್ಲಪ್ಪ. ಹಲ್ಲು ಕಟ್ಟೋಳು. ಇರೋ ಹಲ್ಲಿಗೆ ನನ್ನ ಹತ್ರ ಔಷಧಿ ಇಲ್ಲ. ಬಿದ್ದ ಮೇಲೆ ಬಾ."

ಮಾನ ಹೋಗಿತ್ತು, ಕುತೂಹಲ ಹೋಗಿರಲಿಲ್ಲ. "ಮತ್ತೆ ಅಷ್ಟು ಹೊತ್ತು ಏನು ನೋಡಿದ್ರಿ?" ಎಂದೆ.

"ಒಳ್ಳೇ ದವಡೆ. ಮುಂದಕ್ಕೆ ಕಟ್ಟೋಕೆ ಸುಲಭ."

ನನ್ನ ಬಗ್ಗೆ ಹೆಂಗಸೊಬ್ಬಳು ಆಡಿದ ಮೊದಲ ಮೆಚ್ಚುಗೆಯ ಮಾತು ಅದು ಎಂದು ನನ್ನ ಅಕ್ಕ ಇಂದಿಗೂ ಹಂಗಿಸುತ್ತಾಳೆ.

ಹೀಗೆ ಪರಿಚಯವಾದ ಹಲ್ಲಕ್ಕ ಸೈಕಲ್ ಅಂಗಡಿಯೊಂದರ ಹಿಂದಿನ ಎರಡು ಕೋಣೆಗಳಲ್ಲಿ ಇದ್ದಳು. ಮುಂದಿನ ಕೋಣೆ ಕೆಲಸದ್ದು. ಉದ್ದನೆಯ ಮೇಜು, ಗಿಡ್ಡ ಕುತ್ತಿಗೆಯ ದೀಪ, ಮೇಣ ಕರಗಿಸುವ ಪುಟ್ಟ ಒಲೆ, ಹೊಳಪು ಕೊಡುವ ಮೋಟಾರು, ಹಲ್ಲುಗಳನ್ನು ಬಣ್ಣದ ಪ್ರಕಾರ ತುಂಬಿಟ್ಟ ಸಣ್ಣ ಸಣ್ಣ ಡ್ರಾಯರುಗಳು. ಬಿಳಿ ಹಲ್ಲು ಎಂದು ನಾವು ಒಂದೇ ಮಾತಿನಲ್ಲಿ ಹೇಳುವುದಕ್ಕೆ ಅವಳ ಬಳಿ ಅಷ್ಟೊಂದು ಡ್ರಾಯರು: ಟೀ ಕುಡಿದವರ ಬಿಳಿ, ಸಿಗರೇಟು ಸೇದಿದವರ ಬಿಳಿ, ವಯಸ್ಸಾದವರ ಬಿಳಿ. ಹಿಂದಿನ ಕೋಣೆಯಲ್ಲಿ ಅವಳೂ ಅವಳ ಅಮ್ಮನೂ ಮಲಗುತ್ತಿದ್ದರು. ನಡುವೆ ಒಂದು ಪರದೆ. ಪರದೆಯ ಈಚೆ ಪುಡಿ, ಆಚೆ ಪುಡಿಯಿಲ್ಲ. ಅಮ್ಮ ದಿನಕ್ಕೆ ಎರಡು ಸಲ ಗುಡಿಸಿ ಆ ಗಡಿ ಕಾಯುತ್ತಿದ್ದಳು.

ಗಂಡನ ವಿಷಯ ಕೇಳಿದರೆ ಹಲ್ಲಕ್ಕ, "ಇದ್ದ. ಸರಿಯಾಗಿ ಕೂರ್ಲಿಲ್ಲ" ಎನ್ನುತ್ತಿದ್ದಳು, ಹಲ್ಲಿನ ಸೆಟ್ಟಿನ ಬಗ್ಗೆ ಹೇಳುವ ದನಿಯಲ್ಲೇ. ಅದಕ್ಕಿಂತ ಹೆಚ್ಚಿಗೆ ಯಾರೂ ಕೇಳುತ್ತಿರಲಿಲ್ಲ. ಮಾತಾಡುವಾಗ ಅವಳು ಎದುರಿನವರ ಕಣ್ಣು ನೋಡುತ್ತಿರಲಿಲ್ಲ, ಬಾಯಿ ನೋಡುತ್ತಿದ್ದಳು. ಅದರಿಂದ ನನ್ನಂಥವರಿಗೆ ಆಡಬೇಕಾದ್ದು ಮರೆತುಹೋಗುತ್ತಿತ್ತು. ಹಲ್ಲಿದ್ದಾಗ ಕಡಲೆ ಇಲ್ಲ ಎಂಬ ಗಾದೆ ಶುರು ಮಾಡಿದವರನ್ನು ಅರ್ಧಕ್ಕೇ ತಡೆದು, "ಕಡಲೆ ನಿಮ್ಮದು, ಹಲ್ಲು ನಂದು, ಗಾದೆ ಬೇಡ" ಎನ್ನುವಳು. ಬಂದವರೆಲ್ಲ ಅದನ್ನು ತಾವೇ ಹೊಸದಾಗಿ ಕಂಡುಹಿಡಿದಂತೆ ಹೇಳಿ ಹೇಳಿ ಅವಳ ಜೀವ ತಿಂದಿದ್ದರು.

ಈ ಕೆಲಸಕ್ಕೆ ಇನ್ನೊಂದು ಶಾಪವಿದೆ. ಚಪ್ಪಲಿ ಹೊಲಿದವನನ್ನು, ಬಟ್ಟೆ ಹೊಲಿದವನನ್ನು ಜನ ಬೀದಿಯಲ್ಲಿ ಮಾತಾಡಿಸುತ್ತಾರೆ. ಹಲ್ಲು ಕಟ್ಟಿದವಳನ್ನು ಮಾತಾಡಿಸಿದರೆ ತಮ್ಮ ಬಾಯಿಯ ಗುಟ್ಟು ರಟ್ಟು. ಹಾಗಾಗಿ ಅವಳ ಗಿರಾಕಿಗಳು ಅವಳನ್ನು ಕಂಡ ಕೂಡಲೇ ತುಟಿ ಬಿಗಿದುಕೊಂಡು ರಸ್ತೆಯ ಆ ಬದಿಗೆ ದಾಟುತ್ತಿದ್ದರು. ಒಮ್ಮೆ ನಾನು ಜೊತೆಗಿದ್ದಾಗ, ಬಸ್ ನಿಲ್ದಾಣದಲ್ಲಿ ಗೆಳೆಯರ ನಡುವೆ ಘೊಳ್ಳೆಂದು ನಗುತ್ತಿದ್ದ ಮುದುಕನೊಬ್ಬ ಇವಳನ್ನು ನೋಡಿದವನೇ ನಗುವನ್ನು ಕತ್ತರಿಸಿ ಜೇಬಿಗಿಟ್ಟುಕೊಂಡ.

"ಮೇಲಿನ ಸೆಟ್ಟು ಪೂರ್ತಿ ನಂದು," ಎಂದು ಹಲ್ಲಕ್ಕ ಮೆಲ್ಲಗೆ ಹೇಳಿದಳು. "ನೋಡು, ಎಷ್ಟು ಚೆನ್ನಾಗಿ ನಗ್ತಿದ್ದ ಪಾಪ."

ಅವಳು ಈ ಕಸುಬಿಗೆ ಬಂದದ್ದು ಅಮ್ಮನ ಬಾಯಿಯಿಂದ. ಅಮ್ಮನಿಗೆ ನಲವತ್ತು ತುಂಬುವ ಮೊದಲೇ ವಸಡಿನ ಕಾಯಿಲೆ ಬಂದು ಹಲ್ಲೆಲ್ಲ ಹೋದವು. ಆಗ ಕಟ್ಟಿಸಿಕೊಟ್ಟ ಅಗ್ಗದ ಸೆಟ್ಟು ಮಾತಿಗೊಮ್ಮೆ ಕಳಚಿ ಬೀಳುತ್ತಿತ್ತು. ಅಮ್ಮ ಗೋಡೆಯ ಕಡೆ ತಿರುಗಿ ಉಣ್ಣಲು ಶುರು ಮಾಡಿದಳು. ಮಗಳು ತಾಯಿಯ ಬೆನ್ನು ನೋಡುತ್ತ ಊಟ ಮಾಡಿ ಬೆಳೆದಳು. ಸ್ಕೂಲು ಬಿಟ್ಟ ಮೇಲೆ ಹಲ್ಲು ಕಟ್ಟುವ ಕಾರ್ಖಾನೆಯೊಂದರಲ್ಲಿ ಅಚ್ಚಿನ ಬೋಗುಣಿ ತೊಳೆಯಲು ಸೇರಿ, ತೊಳೆಯುತ್ತ ನೋಡಿ, ನೋಡುತ್ತ ಕಲಿತು, ತನ್ನ ಕೈಯಾರೆ ಪೂರ್ತಿಯಾಗಿ ಕಟ್ಟಿದ ಮೊದಲ ಸೆಟ್ಟು ಅಮ್ಮನದು. ಅದಕ್ಕೆ ಅಮ್ಮ ಒಂದು ಷರತ್ತು ಹಾಕಿದ್ದಳಂತೆ: ಮೊದಲು ತನಗೆ ಮುಂದಿನ ಹಲ್ಲೊಂದು ಸೊಟ್ಟಗಿತ್ತು, ಹೊಸದರಲ್ಲೂ ಅದು ಸೊಟ್ಟಗೇ ಇರಬೇಕು. "ಹಲ್ಲೆಲ್ಲ ನೆಟ್ಟಗಿದ್ರೆ ನಿಮ್ಮಪ್ಪಂಗೆ ನಾನು ಯಾರು ಅಂತ ಹೇಗೆ ಗೊತ್ತಾಗುತ್ತೆ?" ಅಪ್ಪ ಆಗಲೇ ತೀರಿಹೋಗಿ ವರ್ಷಗಳಾಗಿದ್ದವು. ಆದರೂ ಮಗಳು ಸೊಟ್ಟಗೇ ಕೂರಿಸಿದಳು. ಆಮೇಲೆ ಬದಲಾಯಿಸಿದಾಗಲೆಲ್ಲ ಸೊಟ್ಟಗೇ ಕೂರಿಸಿದಳು. ಅಮ್ಮ ಮಗಳ ಕಡೆ ತಿರುಗಿ ಉಣ್ಣತೊಡಗಿದಳು.

ಹಳೆಯ ಪದ್ಧತಿಯಲ್ಲಿ ದಂತವೈದ್ಯರು ರೋಗಿಯ ಬಾಯಿಗೆ ಹಿಟ್ಟಿನಂಥದ್ದನ್ನು ಒತ್ತಿ ಗುರುತು ತೆಗೆದು ಕಳಿಸುತ್ತಿದ್ದರು. ಇವಳು ಅದರೊಳಗೆ ಬಿಳಿ ಪುಡಿ ಕಲಸಿ ಹೊಯ್ದು ದವಡೆಯ ಅಚ್ಚು ಮಾಡಿಕೊಳ್ಳುತ್ತಿದ್ದಳು. ಆಮೇಲೆ ದಂತವೈದ್ಯರ ಕ್ಲಿನಿಕ್ಕಿಗೆ ಬಾಯೊಳಗೆ ಆಡಿಸುವ ಕ್ಯಾಮರಾ ಬಂತು. ದವಡೆ ಫೈಲಾಯಿತು; ಫೈಲನ್ನು ಮತ್ತೆ ಅಚ್ಚಾಗಿಸುವ ಪುಟ್ಟ ಯಂತ್ರವೊಂದು ಹಲ್ಲಕ್ಕನ ಮೇಜಿನ ತುದಿಗೆ ಬಂತು. ಕ್ಲಿನಿಕ್ಕಿನ ಕಂಪ್ಯೂಟರಿನಲ್ಲಿ ಒಂದು ಫೋಲ್ಡರು, ಹಲ್ಲಕ್ಕನ ಕಂಪ್ಯೂಟರಿನಲ್ಲಿ ಅದರದೇ ಜೋಡಿ ಫೋಲ್ಡರು. ಅಲ್ಲಿ ಒಂದು ದವಡೆ ಬಿದ್ದರೆ ಇಲ್ಲಿಯೂ ತಾನಾಗಿ ಬಂದು ಬೀಳಬೇಕು. ಈ ಎರಡನ್ನೂ ಒಂದೇ ಸಮ ಇಡುವ ಸಾಫ್ಟ್‌ವೇರನ್ನು ಕೂರಿಸಲು ಹೋಗಿಯೇ ನಾನು ಬಾಯಿ ತೆರೆದು ಕೂತದ್ದು. ಅದರ ಗುರುತು ಒಂದನ್ನೊಂದು ಅಟ್ಟಿಸಿಕೊಂಡು ಹೋಗುವ ಎರಡು ಬಾಣ. ಫೈಲು ಬರುವಾಗ ಅವು ಸುತ್ತುತ್ತವೆ. ಹೆಸರು ಹೇಳಲು ಹೋಗದೆ ಹಲ್ಲಕ್ಕ ಅದನ್ನು "ಬಾಣ" ಎಂದೇ ಕರೆದಳು. "ಬಾಣ ಸುತ್ತಿತು ಅಂದ್ರೆ ಯಾರದೋ ಬಾಯಿ ಬರ್ತಿದೆ ಅಂತ ಅರ್ಥ."

ಬಾಣ ಬಂದ ಮೇಲೆ ಅವಳು ಗೋಡೆತುಂಬ ಇದ್ದ ಹಳೆಯ ಅಚ್ಚುಗಳನ್ನೆಲ್ಲ ಮೂಟೆ ಕಟ್ಟಿ ಕಸದ ಗಾಡಿಗೆ ಹಾಕಿದಳು. ಇಡೀ ಊರಿನ ದವಡೆಗಳು ಒಂದೇ ಬೆಳಿಗ್ಗೆ ಹೊರಟುಹೋದವು. ಅಮ್ಮನದೂ ಹೋಯಿತು. ಎಲ್ಲ ಡಬ್ಬಿಯಲ್ಲಿದೆಯಲ್ಲ ಎಂಬ ಧೈರ್ಯ. ಡಬ್ಬಿ ಎಂದರೆ ಕಂಪ್ಯೂಟರಿನ ಪಕ್ಕದಲ್ಲಿ ತಂತಿಯ ತುದಿಗೆ ಕೂತಿದ್ದ ಡಿಸ್ಕು. ಫೋಲ್ಡರು ಇದ್ದದ್ದು ಅದರಲ್ಲಿ.

ಹೀಗಿರುವಾಗ ಒಂದು ದಿನ ಬೆಳಿಗ್ಗೆ ಅಂಗಡಿಗೆ ಹೋದಾಗ ಯಜಮಾನರು ಫೋನು ಕೆಳಗಿಡುತ್ತಿದ್ದರು. "ಹಲ್ಲಕ್ಕನ ಬಾಣ ಸುತ್ತುತ್ತಾ ಇಲ್ವಂತೆ. ಮೊದಲು ಅಲ್ಲಿಗೆ ಹೋಗು. ಅಳ್ತಿದ್ದ ಹಾಗಿತ್ತು."

ನಾನು ನಂಬಲಿಲ್ಲ. ಹೋಗಿ ನೋಡಿದರೆ ಅಳುತ್ತಿರಲಿಲ್ಲ ನಿಜ. ಆದರೆ ಮೇಜು ಒರೆಸಿ ಸ್ವಚ್ಛವಾಗಿತ್ತು. ಮೇಣ ಕರಗಿ ಸಿದ್ಧವಿತ್ತು. ವಯಸ್ಸಾದವರ ಬಿಳಿಯ ಡ್ರಾಯರು ಹೊರಗಿತ್ತು. ಪರದೆ ಪೂರ್ತಿ ಸರಿದಿತ್ತು, ಹಿಂದಿನ ಕೋಣೆಯ ನೆಲದ ಮೇಲೂ ಪುಡಿಯ ಹೆಜ್ಜೆಗಳಿದ್ದವು.

"ಅಮ್ಮ ಆಸ್ಪತ್ರೇಲಿದಾಳೆ," ಎಂದಳು. "ಹಲ್ಲು ಕಳೆದುಹೋಯ್ತು."

ಗಂಜಿ ಕುಡಿಯುವ ಮೊದಲು ಅಮ್ಮ ಸೆಟ್ಟು ತೆಗೆದು ಕೈಒರೆಸುವ ಕಾಗದದಲ್ಲಿ ಸುತ್ತಿ ತಟ್ಟೆಯ ಅಂಚಿಗಿಟ್ಟಿದ್ದಳು. ತಟ್ಟೆ ಎತ್ತುವವರು ಕಾಗದದ ಸಮೇತ ಎತ್ತಿಕೊಂಡು ಹೋದರು.

"ಆಸ್ಪತ್ರೇಲಿ ಹಲ್ಲು ಹೋಗೋದು ಹೀಗೇ. ಎಷ್ಟು ಜನ ಬಂದಿದಾರೆ ನನ್ನ ಹತ್ರ ಇದೇ ಕಥೆ ಹೊತ್ಕೊಂಡು. ಬಂದೋರಿಗೆಲ್ಲ ಹೇಳ್ತೀನಿ, ಕಾಗದದಲ್ಲಿ ಮಾತ್ರ ಸುತ್ತಬೇಡಿ ಅಂತ. ನಮ್ಮಮ್ಮಂಗೆ ಒಬ್ಬಳಿಗೆ ಹೇಳಿರ್ಲಿಲ್ಲ ನೋಡು."

ಅಂದಿನಿಂದ ಅಮ್ಮ ಹೊದಿಕೆಯನ್ನು ಮೂಗಿನವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದ್ದಾಳೆ. ಮಾತಿಲ್ಲ. ಮಗಳ ಹತ್ತಿರವೂ ಇಲ್ಲ. ಹೊಸದಾಗಿ ಗುರುತು ತೆಗೆಯೋಣವೆಂದರೆ ಬಾಯಿ ಬಿಡುವುದಿಲ್ಲ, ಬಿಟ್ಟರೂ ಉಸಿರು ತಡೆಯುವುದಿಲ್ಲ. ಡಾಕ್ಟರುಗಳು ಹೆಚ್ಚು ದಿನ ನೆಚ್ಚಿಕೊಳ್ಳಬೇಡಿ ಎಂದಿದ್ದಾರೆ. ಹೋದ ವರ್ಷ ದಂತವೈದ್ಯರು ಅಮ್ಮನ ದವಡೆಯನ್ನೂ ಸೆಟ್ಟನ್ನೂ ಕ್ಯಾಮರಾದಲ್ಲಿ ಹಿಡಿದಿದ್ದರು. ಅದು ಸಿಕ್ಕರೆ ಹೊಸ ಗುರುತು ಬೇಡ, ಇಲ್ಲಿಂದಲೇ ಕಟ್ಟಬಹುದು. ದಂತವೈದ್ಯರು ಊರಿನಲ್ಲಿಲ್ಲ, ಕ್ಲಿನಿಕ್ಕಿಗೆ ಬೀಗ, ಫೋನು ಹೋಗುತ್ತಿಲ್ಲ. ಆದರೆ ಬೀಗದೊಳಗೆ ಅವರ ಕಂಪ್ಯೂಟರು ಮಾತ್ರ ಸದಾ ಎಚ್ಚರವಾಗಿರುತ್ತದೆ.

"ಬಾಣ ಸುತ್ತಿದ್ರೆ ಸಾಕು. ನಾಳೆ ಹೊತ್ತಿಗೆ ಹಲ್ಲು ರೆಡಿ. ಹಾಕ್ಕೊಂಡು ನನ್ನ ಹತ್ರ ಒಂದು ಮಾತು ಆಡ್ಲಿ. ಬೈದ್ರೂ ಸರಿ."

ನಾನು ಕೂತೆ. ನಮ್ಮ ವಿದ್ಯೆಯ ಆಳ ಎಷ್ಟು ಎಂದು ಹೊರಗಿನವರಿಗೆ ಗೊತ್ತಿಲ್ಲದಿರುವುದರಿಂದಲೇ ನನ್ನಂಥವರಿಗೆ ಸಂಬಳ ಬರುತ್ತಿದೆ. ಮೊದಲು ಕಂಪ್ಯೂಟರನ್ನು ಆರಿಸಿ ಮತ್ತೆ ಹಚ್ಚಿದೆ. ಅದು ನಮ್ಮ ವಿದ್ಯೆಯ ಮುಕ್ಕಾಲು. ಬಾಣದ ಗುರುತನ್ನು ಒತ್ತಿದೆ. ಒಂದು ಕ್ಷಣ ಮೂಡಿ, ಯಾರೋ ಕರೆದರೆಂದು ಇಣುಕಿ ನೋಡಿ ಬಾಗಿಲು ಹಾಕಿಕೊಂಡವರಂತೆ ಮಾಯವಾಯಿತು. ಮತ್ತೆ ಒತ್ತಿದೆ. "ಈಗಾಗಲೇ ನಡೆಯುತ್ತಿದೆ" ಎಂದಿತು. ಎಲ್ಲಿ ನಡೆಯುತ್ತಿದೆ? ಹಿಂದಿನ ಸಲ ಕರೆಂಟು ಹೋದಾಗ ಅರ್ಧಕ್ಕೆ ನಿಂತ ಅದರದೇ ನೆರಳೊಂದು ಒಳಗೆ ಕೂತು, ನಾನೇ ಅದು ಎಂದು ಜಾಗ ಹಿಡಿದುಕೊಂಡಿತ್ತು. ಆ ನೆರಳನ್ನು ಎಬ್ಬಿಸಿ ಓಡಿಸಿದೆ. ಅದು ಬಿಟ್ಟುಹೋದ ಗುರುತಿನ ಫೈಲನ್ನೂ ಅಳಿಸಿದೆ. ಈ ಸಲ ಬಾಣ ಎದ್ದಿತು, ತೇಲಿತು, ಮತ್ತೆ ಮುಳುಗಿತು.

ಅಷ್ಟರಲ್ಲಿ ಫೋನು ಬಂತು. ಆಸ್ಪತ್ರೆಯಲ್ಲಿ ಅಮ್ಮನ ಪಕ್ಕ ಕೂತಿದ್ದ ಚಿಕ್ಕಮ್ಮ. ಹಲ್ಲಕ್ಕನ ಕೈಯೆಲ್ಲ ಮೇಣವಾಗಿದ್ದರಿಂದ ಫೋನನ್ನು ಮೇಜಿನ ಮೇಲೇ ಇಟ್ಟು ಎಲ್ಲರಿಗೂ ಕೇಳುವ ಹಾಗೆ ಮಾತಾಡಿದಳು.

"ಬರ್ತೀಯೇನೇ? ನಿನ್ನ ಕೇಳ್ತಿದಾಳೆ."

"ಮಾತೇ ಆಡಲ್ವಲ್ಲ, ಹೇಗೆ ಕೇಳ್ತಾಳೆ?"

"ಗೋಡೆ ಬಿಟ್ಟು ಬಾಗಿಲ ಕಡೆ ತಿರುಗಿದಾಳೆ ಕಣೇ. ಬಾಗಿಲು ಸಪ್ಪಳ ಆದಾಗೆಲ್ಲ ಕಣ್ಣು ಬಿಡ್ತಾಳೆ."

"ಬಾಣ ಸುತ್ತುತ್ತಿಲ್ಲ ಚಿಕ್ಕಮ್ಮ. ಹುಡುಗ ಬಂದು ಕೂತಿದಾನೆ. ಇದೊಂದಾಗ್ಲಿ, ಹಲ್ಲು ತಗೊಂಡೇ ಬರ್ತೀನಿ."

"ಯಾವ ಬಾಣವೇ? ಸುಮ್ನೆ ಬರಬಾರ್ದಾ?"

"ಬರಿಗೈಲಿ ಬಂದು ಏನು ಮಾಡ್ಲಿ?" ಎಂದು ಹಲ್ಲಕ್ಕ ಮೊಣಕೈಯಿಂದ ಫೋನು ಆರಿಸಿದಳು.

ನಾನು ತಲೆ ತಗ್ಗಿಸಿ ಕಂಪ್ಯೂಟರಿನ ಪರದೆ ನೋಡಿದೆ. ಸಾಫ್ಟ್‌ವೇರು ಸಾಯುವ ಮೊದಲು ಬರೆದಿಟ್ಟ ಸಾಲುಗಳನ್ನು ತೆರೆದು ಓದಿದೆ. ಸಾಮಾನ್ಯವಾಗಿ ಅವನ್ನು ಓದದೆ ಮುಚ್ಚುವುದೇ ನಮ್ಮ ವಾಡಿಕೆ, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗಿರುತ್ತವೆ. ಆದರೆ ಈ ಸಾಲು ಸ್ಪಷ್ಟವಾಗಿತ್ತು: ಫೋಲ್ಡರು ಇದ್ದ ಜಾಗದಲ್ಲಿ ಇಲ್ಲ, ಆದ್ದರಿಂದ ಶುರು ಮಾಡುವುದಿಲ್ಲ.

ಡಬ್ಬಿಯನ್ನು ಕೈಗೆತ್ತಿಕೊಂಡು ಕಿವಿಗಿಟ್ಟುಕೊಂಡೆ. ಒಳಗಿನಿಂದ ಟಿಕ್, ಟಿಕ್, ಟಿಕ್. ಸಂದುಗಳಲ್ಲೆಲ್ಲ ಬಿಳಿ ಪುಡಿ. ಸತ್ತಿದೆ ಎನ್ನುವ ಮಾತು ನಮ್ಮ ಕೆಲಸದಲ್ಲಿ ನೀರು ಕುಡಿದಷ್ಟು ಸುಲಭವಾಗಿ ಬರುತ್ತದೆ. ಅಂದು ಅದನ್ನು ನಾಲಗೆಯ ತುದಿಯಲ್ಲೇ ತಡೆದು, "ಡಬ್ಬಿ ಕೆಟ್ಟಿದೆ ಅಕ್ಕ" ಎಂದೆ.

"ಅಂದ್ರೆ ಇದರಲ್ಲಿದ್ದದ್ದು?"

"ಇದರಲ್ಲಿದ್ದದ್ದು ಹೋಯ್ತು. ಕ್ಲಿನಿಕ್ಕಿನದು ಅಲ್ಲೇ ಇದೆ."

"ಅಲ್ಲಿರೋದನ್ನ ಎಳಿ ಮತ್ತೆ."

ಅದಕ್ಕೊಂದು ಸುಲಭದ ದಾರಿಯಿತ್ತು. ಕಂಪ್ಯೂಟರಿನಲ್ಲೇ ಅದೇ ಹೆಸರಿನ ಖಾಲಿ ಫೋಲ್ಡರು ಮಾಡಿ, ಇದೇ ನಿನ್ನ ಫೋಲ್ಡರು ಎಂದು ಸಾಫ್ಟ್‌ವೇರನ್ನು ನಂಬಿಸುವುದು. ಮೊಂಡು ಹಿಡಿದ ಮಗುವಿನ ಕೈಗೆ ಬೇರೆ ಗೊಂಬೆ ಕೊಟ್ಟ ಹಾಗೆ. ಖಾಲಿ ಫೋಲ್ಡರನ್ನು ಮಾಡಿಯೂ ಬಿಟ್ಟೆ. ಹಲ್ಲಕ್ಕ ನನ್ನ ಹಿಂದೆ ನಿಂತಿದ್ದಳು. ಅವಳ ಉಸಿರು ನನ್ನ ಕುತ್ತಿಗೆಗೆ ತಾಗುತ್ತಿತ್ತು. ಬೆರಳು ಒತ್ತುವುದೊಂದೇ ಬಾಕಿ.

ಆಗ ನನ್ನ ಅಕ್ಕನ ಮದುವೆ ನೆನಪಾಯಿತು.

ಕೆಲಸಕ್ಕೆ ಸೇರಿದ ಹೊಸದರಲ್ಲಿ ನನ್ನ ಫೋನನ್ನೂ ಮನೆಯ ಕಂಪ್ಯೂಟರನ್ನೂ ಹೀಗೆಯೇ ಜೋಡಿ ಮಾಡಿ, ಫೋನು ತುಂಬಿತೆಂದು ಅದರಲ್ಲಿದ್ದ ಮದುವೆಯ ಫೋಟೋಗಳನ್ನೆಲ್ಲ ಅಳಿಸಿದ್ದೆ. ಕಂಪ್ಯೂಟರಿನಲ್ಲಿ ಇರುತ್ತವಲ್ಲ ಎಂದು. ಜೋಡಿ ಎಂದರೆ ಎರಡು ಕಡೆಯೂ ಒಂದೇ ಸಮ. ಅಲ್ಲಿ ಅಳಿದದ್ದು ಇಲ್ಲೂ ಅಳಿಯಿತು. ಕನ್ನಡಿಯ ಮುಂದೆ ನಿಂತು ಮೀಸೆ ಬೋಳಿಸಿಕೊಂಡು, ಕನ್ನಡಿಯೊಳಗಿನವನ ಮೀಸೆ ಉಳಿದಿರುತ್ತದೆ ಎಂದು ನೆಚ್ಚಿಕೊಂಡವನು ನಾನು. "ನನ್ನ ಮದುವೆಗೆ ಈಗ ನನ್ನ ಗಂಡ ಒಬ್ಬನೇ ಸಾಕ್ಷಿ, ಅವನೂ ಒಪ್ಪಲ್ಲ" ಎಂದು ಅಕ್ಕ ನೆಂಟರೆದುರು ಇವತ್ತಿಗೂ ಹೇಳುತ್ತಾಳೆ.

ಬೆರಳು ಹಿಂದಕ್ಕೆ ಬಂತು. ಖಾಲಿ ಫೋಲ್ಡರನ್ನು ನಂಬಿದ್ದರೆ ಸಾಫ್ಟ್‌ವೇರು ಏನೆಂದುಕೊಳ್ಳುತ್ತಿತ್ತು? ಇಲ್ಲಿ ಹಲ್ಲಕ್ಕ ಎಲ್ಲ ದವಡೆಗಳನ್ನೂ ಬೇಕೆಂದೇ ಅಳಿಸಿದ್ದಾಳೆ, ಹಾಗಾದರೆ ಕ್ಲಿನಿಕ್ಕಿನಲ್ಲೂ ಅಳಿಸೋಣ ಎಂದು ವಿಧೇಯವಾಗಿ ಹೊರಡುತ್ತಿತ್ತು. ಬೀಗ ಹಾಕಿದ ಕೋಣೆಯಲ್ಲಿ, ಯಾರೂ ನೋಡದೆ, ಅಮ್ಮನ ದವಡೆ ಎರಡನೆಯ ಸಲ ಕಸಕ್ಕೆ ಹೋಗುತ್ತಿತ್ತು. ಅದನ್ನು ತಡೆಯಲಿಕ್ಕೇ ಅದು ಶುರುವಾಗದೆ ಹಟ ಹಿಡಿದು ಕೂತದ್ದು. ಬೆಳಿಗ್ಗೆಯಿಂದ ನಾನು ಬೈದದ್ದು, ಕಾವಲಿಗೆಂದು ಮನೆಯ ಬಾಗಿಲಿಗೆ ಅಡ್ಡ ಮಲಗಿದ ನಾಯಿಯನ್ನು.

"ಏನಾಯ್ತು?" ಎಂದಳು.

"ಏನಿಲ್ಲ. ಬೆವರು," ಎಂದೆ.

ಹಳೆಯ ಜೋಡಿಯನ್ನು ನಿಧಾನವಾಗಿ ಬಿಡಿಸಿದೆ. ಈ ಕಡೆಯ ಹಳೆಯ ನೆನಪನ್ನೆಲ್ಲ ಒರೆಸಿ, ಹೊಸದಾಗಿ, ಪಡೆಯುವುದಕ್ಕೆ ಮಾತ್ರ, ಕೊಡುವುದಕ್ಕೂ ಅಳಿಸುವುದಕ್ಕೂ ಹಕ್ಕಿಲ್ಲ ಎಂದು ಬಿಗಿಮಾಡಿ ಮತ್ತೆ ಜೋಡಿಸಿದೆ. ಪ್ರತಿ ಹೆಜ್ಜೆಯನ್ನೂ ನೋಡಿ ನೋಡಿ ಇಟ್ಟೆ. ಚಿಕ್ಕಮ್ಮನ ಫೋನು ಮತ್ತೆ ಬಂತು. ಹಲ್ಲಕ್ಕ, "ಆಗ್ತಿದೆ, ಆಗ್ತಿದೆ" ಎಂದಷ್ಟೇ ಹೇಳಿ ಇಟ್ಟಳು.

"ಅಕ್ಕ, ಇದು ಹೇಗಿದ್ರೂ ಹೊತ್ತು ಹಿಡಿಯುತ್ತೆ. ನೀವು ಹೋಗಿ ನೋಡ್ಕೊಂಡು ಬನ್ನಿ. ನಾನಿಲ್ಲಿ ಇರ್ತೀನಿ," ಎಂದೆ.

"ನಾನು ಹೋದ್ರೆ ಅಮ್ಮನ ಬಾಯಿ ನೀನು ಗುರುತು ಹಿಡೀತೀಯಾ?"

ಕ್ಲಿನಿಕ್ಕಿನವರು ಫೈಲುಗಳಿಗೆ ಹೆಸರಿಡುತ್ತಿರಲಿಲ್ಲ, ಬರೀ ಸಂಖ್ಯೆ.

ಮಧ್ಯಾಹ್ನ ಬಾಣ ಸುತ್ತಿತು. ಬೆಳಿಗ್ಗೆಯಿಂದ ಸುತ್ತಲೆಂದು ಹಂಬಲಿಸಿದ್ದು ನಿಜವಾಗಿ ಸುತ್ತಿದಾಗ ಇಬ್ಬರಿಗೂ ಏನೂ ಅನ್ನಿಸಲಿಲ್ಲ. ದವಡೆಗಳು ಒಂದೊಂದಾಗಿ ಬಂದು ಪರದೆಯ ಮೇಲೆ ಕೂತವು. ಬೂದುಬಣ್ಣದ, ಹಲ್ಲಿಲ್ಲದ, ಯಾರದೋ ಯಾರದೋ ಬಾಯಿಗಳು. ಹಲ್ಲಕ್ಕ ತರಕಾರಿ ಆರಿಸುವವಳಂತೆ ಒಂದೊಂದನ್ನು ತಿರುಗಿಸಿ ನೋಡಿ ಪಕ್ಕಕ್ಕೆ ತಳ್ಳುತ್ತಿದ್ದಳು. ಒಂದರ ಮುಂದೆ ನಿಂತಳು. ಅದರ ಎಡಬದಿಯಲ್ಲಿ ಸಣ್ಣ ಗಂಟೊಂದಿತ್ತು. ಜೊತೆಯ ಫೈಲಿನಲ್ಲಿ ಸೆಟ್ಟು. ಮುಂದಿನ ಹಲ್ಲು ಸೊಟ್ಟಗೆ.

"ಬಂದ್ಯಾ," ಎಂದಳು, ಪರದೆಗೆ.

ನಾನು ಬ್ಯಾಗು ಕಟ್ಟಿದೆ. ಅವಳು ತಲೆಯೆತ್ತಲಿಲ್ಲ.

ಮರುದಿನ ಬೆಳಿಗ್ಗೆ ಉಳಿದ ದವಡೆಗಳೂ ಬಂದು ಮುಟ್ಟಿವೆಯೇ ಎಂದು ನೋಡಲು ಹೋದೆ. ಹೊಸ ಅಚ್ಚು ಮೇಜಿನ ಮೇಲಿತ್ತು. ಸೆಟ್ಟು ಅವಳ ಕೈಯಲ್ಲಿತ್ತು, ಬೆಂದು, ತಣಿದು, ಅಚ್ಚಿನಿಂದ ಬಿಡಿಸಿ ಆಗಿತ್ತು. ಮೋಟಾರಿನ ಮುಂದೆ ಕೂತು ಹೊಳಪು ಕೊಡುತ್ತಿದ್ದಳು. ಆ ಸದ್ದಿನಲ್ಲಿ ಫೋನು ಕೇಳಿಸಲಿಲ್ಲವೋ, ಕೇಳಿಸಿಕೊಳ್ಳಲಿಲ್ಲವೋ. ಅದು ಮೇಜಿನ ಮೇಲೆ ನಡುಗುತ್ತ ನಡುಗುತ್ತ ಅಂಚಿನವರೆಗೆ ಬಂತು. ಬೀಳುವ ಮೊದಲು ನಾನು ಎತ್ತಿಕೊಂಡೆ.

"ಯಾರು, ಬಾಣದ ಹುಡುಗನೇನಪ್ಪ?" ಎಂದಿತು ಚಿಕ್ಕಮ್ಮನ ದನಿ. "ಅವಳಿಗೆ ಬರಕ್ಕೆ ಹೇಳು. ಇನ್ನು ಅವಸರ ಏನೂ ಇಲ್ಲ ಅಂತ ಹೇಳು."

ಫೋನು ಹಿಡಿದುಕೊಂಡು ನಿಂತೆ. ಹಲ್ಲಕ್ಕ ನನ್ನ ಕಡೆ ತಿರುಗಿದಳು. ಎಂದಿನಂತೆ ನನ್ನ ಬಾಯಿ ನೋಡಿದಳು. ಸುದ್ದಿಯನ್ನು ಅಲ್ಲೇ ಓದಿಕೊಂಡಳು.

ಅವಳು ಮೋಟಾರು ನಿಲ್ಲಿಸಲಿಲ್ಲ. ಎಡಬದಿ ಇನ್ನೂ ಒರಟಾಗಿತ್ತು, ಅದನ್ನು ಮುಗಿಸಿದಳು. ತೊಳೆದಳು. ಒದ್ದೆ ಬಟ್ಟೆಯಲ್ಲಿ ಸುತ್ತಿದಳು, ಬಟ್ಟೆಯನ್ನು ಡಬ್ಬದಲ್ಲಿಟ್ಟಳು. ಆಮೇಲೆ ಉಜ್ಜುವ ಅರವನ್ನೂ ಚೀಲಕ್ಕೆ ಹಾಕಿಕೊಂಡಳು. ನನ್ನ ಸ್ಕೂಟರಿನ ಹಿಂದೆ ಕೂತು ದಾರಿಯುದ್ದಕ್ಕೂ ಆಡಿದ್ದು ಒಂದೇ ಮಾತು: "ಹಳ್ಳ ನೋಡ್ಕೊಂಡು ಓಡಿಸು. ಇದು ಬಿದ್ರೆ ಒಡೆಯುತ್ತೆ."

ಆಸ್ಪತ್ರೆಯ ಉದ್ದನೆಯ ಕೋಣೆಯ ಕೊನೆಯ ಮಂಚ. ಚಿಕ್ಕಮ್ಮ ಪಕ್ಕದಲ್ಲಿ ನಿಂತಿದ್ದಳು. ಅಮ್ಮನ ಮುಖದ ಕೆಳಗಿನ ಅರ್ಧ ಒಳಗೆ ಕುಸಿದಿತ್ತು, ಯಾರದೋ ಮುಖವಾಗಿತ್ತು. ಹಲ್ಲಕ್ಕ ತೀರಾ ಹತ್ತಿರ ಬಾಗಿ, ಹೆಬ್ಬೆರಳಿನಿಂದ ತುಟಿ ಬಿಡಿಸಿ ಸೆಟ್ಟನ್ನು ಒಳಗಿಟ್ಟಳು. ಅದು ಕೂರಲಿಲ್ಲ. ಫೈಲಿನಲ್ಲಿದ್ದದ್ದು ಹೋದ ವರ್ಷದ ದವಡೆ. ಕಾಯಿಲೆಯ ತಿಂಗಳುಗಳಲ್ಲಿ ಅಮ್ಮ ಒಳಗೊಳಗೇ ಸವೆದಿದ್ದಳು. ಆ ಸುದ್ದಿ ಯಾವ ಫೋಲ್ಡರಿಗೂ ಮುಟ್ಟಿರಲಿಲ್ಲ.

"ಬಿಡೇ," ಎಂದಳು ಚಿಕ್ಕಮ್ಮ. "ಇನ್ನು ಯಾರು ನೋಡ್ಬೇಕು?"

ಹಲ್ಲಕ್ಕ ಕಿಟಕಿಯ ಬೆಳಕಿಗೆ ಹೋಗಿ ಅರದಿಂದ ಉಜ್ಜಿದಳು. ಬಂದು ಇಟ್ಟು ನೋಡಿದಳು. ಮತ್ತೆ ಹೋಗಿ ಉಜ್ಜಿದಳು. ಸೆಟ್ಟಿನ ಗುಲಾಬಿ ಬಣ್ಣದ ಪುಡಿ ಅವಳ ಸೆರಗಿನ ಮೇಲೆ ಉದುರಿತು. ಪಕ್ಕದ ಮಂಚದವರು ಮುಖ ತಿರುಗಿಸಿಕೊಂಡರು. ಎಷ್ಟೋ ಹೊತ್ತಿನ ಮೇಲೆ ಅದು ಕೂತಿತು. ತುಟಿ ಎದ್ದಿತು, ಕೆನ್ನೆ ತುಂಬಿತು. ಸೊಟ್ಟ ಹಲ್ಲಿನ ತುದಿ ತುಟಿಯಂಚಿನಲ್ಲಿ ಒಂದಿಷ್ಟು ಇಣುಕಿತು. ಚಿಕ್ಕಮ್ಮ, "ಅಯ್ಯೋ ನಮ್ಮಕ್ಕ" ಎಂದು ಆಗ ಮೊದಲ ಸಲ ಅತ್ತಳು. ಹಲ್ಲಕ್ಕ ಅಮ್ಮನ ದವಡೆಗೆ ಕೈಕೊಟ್ಟು ಹಾಗೇ ಹಿಡಿದುಕೊಂಡು ನಿಂತಳು, ಅಂಟು ಒಣಗುವವರೆಗೆ ಹಿಡಿಯುವ ಹಾಗೆ.

ಅಮ್ಮನನ್ನು ಕಳಿಸಿಕೊಡುವ ಹೊತ್ತಿಗೆ ಹೆಚ್ಚು ಜನವಿರಲಿಲ್ಲ. ಸೈಕಲ್ ಅಂಗಡಿಯವನು, ನಮ್ಮ ಯಜಮಾನರು, ಮತ್ತೆ ಬಸ್ ನಿಲ್ದಾಣದ ಆ ಮುದುಕ. ಮುದುಕ ಹಲ್ಲಕ್ಕನ ಎದುರು ಬಂದು ನಿಂತು, ಎಲ್ಲರೂ ನೋಡುತ್ತಿರುವಾಗಲೇ ಬಾಯಿ ತೆರೆದು ಗಟ್ಟಿಯಾಗಿ ಅತ್ತುಬಿಟ್ಟ. ಮೇಲಿನ ಸೆಟ್ಟು ಅಲುಗಲಿಲ್ಲ. ಹಲ್ಲಕ್ಕ ಅದನ್ನು ಗಮನಿಸಿದಳು ಎಂದು ನನಗೆ ಗೊತ್ತು.

ಕೆಲವು ವಾರ ಕಳೆದು ಹೊಸ ಡಬ್ಬಿ ಹಿಡಿದುಕೊಂಡು ಹೋದೆ. ನಡುವಿನ ಪರದೆ ತೆಗೆದುಹಾಕಿದ್ದಳು. ಎರಡೂ ಕೋಣೆಯಲ್ಲಿ ಒಂದೇ ಸಮ ಬಿಳಿ ಪುಡಿ ಕೂತಿತ್ತು. ಡಬ್ಬಿಯನ್ನು ಪುಡಿ ತಾಗದಂತೆ ಗಾಜಿನ ಪೆಟ್ಟಿಗೆಯೊಳಗಿಟ್ಟು ತಂತಿ ಎಳೆದೆ. ದಂತವೈದ್ಯರು ಊರಿಗೆ ಮರಳಿದ್ದರು; ಬಾಣ ಸುತ್ತುತ್ತಿತ್ತು, ಯಾರದೋ ಬಾಯಿ ಬರುತ್ತಿತ್ತು. ಹಲ್ಲಕ್ಕ ಟೀ ಕೊಟ್ಟು ಎದುರಿಗೆ ಕೂತಳು. ಅವಳ ಕೆನ್ನೆ ಇಳಿದಿತ್ತು.

ಕೇಳಬಾರದಾಗಿತ್ತು. ಆದರೆ ಅಂದು ಬೆಳಿಗ್ಗೆ ಚಿಕ್ಕಮ್ಮ ಆಡಿದ ಬಾಗಿಲ ಸಪ್ಪಳದ ಮಾತು ನನ್ನ ತಲೆಯಿಂದ ಹೋಗಿರಲಿಲ್ಲ, ಮತ್ತು ಅವಳ ಎದುರು ಬಾಯಿ ತೆರೆದು ಮಾನ ಕಳೆದುಕೊಳ್ಳುವುದು ನನಗೆ ಹೊಸದೂ ಅಲ್ಲ.

"ಅಕ್ಕ, ಅವತ್ತು ನಾನು ನನ್ನ ಕೈಲಿ ಆಗಲ್ಲ, ಇದು ಶುರು ಆಗಲ್ಲ ಅಂತ ಹೇಳಿ ಎದ್ದು ಹೋಗಿದ್ರೆ, ಅಮ್ಮನ ಹತ್ರ ಹೋಗ್ತಿದ್ರಾ?"

ಅವಳು ಈ ಸಲ ನನ್ನ ಬಾಯಿ ನೋಡಲಿಲ್ಲ, ಕಣ್ಣು ನೋಡಿದಳು.

"ಇಲ್ಲ," ಎಂದಳು. "ಬೇರೆ ರಿಪೇರಿಯವನನ್ನ ಕರೀತಿದ್ದೆ."